ಹಿಂದಿನ ಸೀಟಿನವರು

ನಿವೃತ್ತರಾಗಿ ಆರು ವರ್ಷ ಕಳೆದರೂ ಅವರ ಎಡಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿರಲಿಲ್ಲ. ಉದ್ದಕ್ಕೆ ಮಡಚಿದ ನೋಟುಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಟಿಕೆಟ್ ಹರಿದ ಕೈ ಅದು. ಚಹಾದ ಲೋಟ ಹಿಡಿದಾಗಲೂ ನೋಟಿಗೆ ಜಾಗ ಬಿಟ್ಟಿರುತ್ತಿತ್ತು. ಅಂಕೋಲಾದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಕೇರಿಗೆಲ್ಲ ಅವರು ಕಂಡಕ್ಟರ್. ನನ್ನ ಮಗಳಿಗೆ ಕಂಡಕ್ಟರ್ ಮಾಮ.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಅಭ್ಯಾಸ ಮನೆಗೂ ಬಂತು. ಐದಕ್ಕೆ ಏಳುವುದು, ಏಳೂವರೆಗೆ ತಿಂಡಿ, ಒಂಬತ್ತಕ್ಕೆ ದೀಪ ಆರಿಸುವುದು. ನಲವತ್ತೆರಡನೆಯ ವಯಸ್ಸಿನಲ್ಲಿ ಹುಟ್ಟಿದ ಮಗಳಿಗೆ ಆಟಿಸಂ ಇದೆ ಎಂದು ಗೊತ್ತಾದಾಗ ಈ ಶಿಸ್ತೇ ನಮ್ಮಿಬ್ಬರನ್ನೂ ಕಾಪಾಡಿತು. ಗೋಡೆಯ ಮೇಲೆ ವೇಳಾಪಟ್ಟಿ ಇದ್ದರೆ ಅವಳೂ ಶಾಂತ, ನಾನೂ ಶಾಂತ. ಆದರೆ ಆ ಪಟ್ಟಿ ನಡೆಯುವುದು ನಮ್ಮ ಗೇಟಿನವರೆಗೆ ಮಾತ್ರ. ಆಚೆ ಜನ. ಅವಳ ಅಪ್ಪ ತೀರಿಹೋದ ಮೇಲೆ ನಾನಿಲ್ಲದೆ ಅವಳು ಎಲ್ಲಿಗೂ ಹೋದದ್ದಿಲ್ಲ.

ಹದಿನಾರು ತುಂಬಿದಾಗ ಅವಳು ಕೇಳಿದ್ದು ಒಂದೇ: ಪ್ರತಿ ಗುರುವಾರ ಕಾರವಾರದ ಕಂಪ್ಯೂಟರ್ ಕ್ಲಾಸಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಬೇಕು. ಉಳಿದ ಹುಡುಗಿಯರೆಲ್ಲ ಹಾಗೆಯೇ ಬರುತ್ತಾರೆ. ನಾನು ಆಗದು ಎಂದೆ. ಗೇಟಿನ ಬಳಿ ನಿಂತಿದ್ದ ಕಂಡಕ್ಟರ್ ಕೇಳಿಸಿಕೊಂಡರು.

"ಅಕ್ಕೋರೆ, ನಂಗೆ ಒಂದು ತಿಂಗ್ಳು ಕೊಡಿ" ಎಂದರು.

ನಮ್ಮ ಜಗಲಿಯಲ್ಲಿ ಕುರ್ಚಿಗಳನ್ನು ಎರಡು ಸಾಲು ಮಾಡಿದರು. ದಿನಾ ಸಂಜೆ ಐದಕ್ಕೆ ಬಸ್ಸು. ಅವರು ಆಧಾರ್ ಕಾರ್ಡು ಕೇಳುವುದು, ಇವಳು ತೋರಿಸುವುದು. ಬಿಣಗಾ ದಾಟಿ ಸುರಂಗ ಬರುವ ಮೊದಲೇ ಕಿವಿಗೆ ಹತ್ತಿ ಇಟ್ಟುಕೊಳ್ಳುವುದು. ಒಮ್ಮೆ ಅವರು ಕುಡುಕನಾಗಿ ತೂರಾಡುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕೂತಾಗ ಮಗಳು ಎದ್ದು "ಕಂಡಕ್ಟರ್!" ಎಂದು ಕೂಗಿದಳು.

"ಕುಡುಕನೂ ನಾನೇ, ಕಂಡಕ್ಟರೂ ನಾನೇ. ಯಾರು ಯಾರನ್ನ ಇಳಿಸೂದು ಮಾರಾಯ್ತಿ?"

ಪುಸ್ತಕದ ಹಾಗೆ ಮಾತಾಡುವ ನನ್ನ ಮಗಳು ನಗಲಿಲ್ಲ. "ಕಂಡಕ್ಟರ್ ಕುಡುಕನನ್ನು ಇಳಿಸಬೇಕು" ಎಂದಳು. ಅವರು ತಮ್ಮ ಕೊರಳಪಟ್ಟಿಯನ್ನು ತಾವೇ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಅಪರಿಚಿತರು ಮಾತಾಡಿಸಿದರೆ ಏನು ಮಾಡುವುದು ಎಂಬುದೇ ಅವಳ ದೊಡ್ಡ ಭಯ. ಅದಕ್ಕೂ ಅವರಲ್ಲಿ ನಿಯಮವಿತ್ತು. "ಎರಡು ಪ್ರಶ್ನೆಗೆ ಉತ್ತರ ಕೊಡು, ತಂಗಿ. ಮೂರನೇದು ಕೇಳಿದ್ರೆ ಕಿಟಕಿ ನೋಡು. ಬಸ್ಸಲ್ಲಿ ಅಷ್ಟು ಸಾಕು."

ತಿಂಗಳ ಕೊನೆಗೆ ನಾನು ಒಪ್ಪಿದೆ, ಒಂದು ಷರತ್ತಿನ ಮೇಲೆ. ಪ್ರತಿ ಗುರುವಾರ ಅವಳಿಗೆ ತಿಳಿಯದ ಹಾಗೆ ಅವರು ಹಿಂದಿನ ಸೀಟಿನಲ್ಲಿ ಕೂತು ಕಾರವಾರಕ್ಕೆ ಹೋಗಬೇಕು, ಅವಳ ಬಸ್ಸಿನಲ್ಲೇ ಮರಳಬೇಕು. ಅವರು ನಮ್ಮ ತುಳಸಿಕಟ್ಟೆ ಮುಟ್ಟಿ ಹೂಂ ಎಂದರು. ಗುರುವಾರ ಹತ್ತಕ್ಕೆ ಸರಿಯಾಗಿ ನಾನು ಫೋನ್ ಮಾಡುವುದು, ಅವರು ವರದಿ ಕೊಡುವುದು. ಐದು ತಿಂಗಳು ಹೀಗೆ ನಡೆಯಿತು. ನೆಂಟರು ಮದುವೆಗೆ ನನ್ನನ್ನಷ್ಟೇ ಕರೆದಾಗ, ಶಾಲೆಯವರು ಪ್ರವಾಸದ ಪಟ್ಟಿಯಿಂದ ಅವಳ ಹೆಸರು ತೆಗೆದಾಗ ನನಗೆ ಆಶ್ಚರ್ಯವಾಗಿರಲಿಲ್ಲ. ಆ ಜನರನ್ನು ನಾನು ನಂಬಿರಲೇ ಇಲ್ಲ. ನಂಬಿದ್ದು ಕಂಡಕ್ಟರ್ ಒಬ್ಬರನ್ನು.

ಬ್ಯಾಂಕಿಗೆ ನಾನು ಹೋಗುವುದು ಮಂಗಳವಾರ. ಒಮ್ಮೆ ಮಾತ್ರ ಸಹಿ ಬೇಕೆಂದು ಗುರುವಾರ ಕರೆದರು. ಬಸ್ ನಿಲ್ದಾಣದ ಎದುರಿನ ಹೊಟೇಲಿನಲ್ಲಿ ಕಂಡಕ್ಟರ್ ಬನ್ಸ್ ಮುರಿಯುತ್ತ ಕೂತಿದ್ದರು. ಗಡಿಯಾರ ನೋಡಿದೆ. ಹತ್ತು. ರಸ್ತೆಯ ಈಚೆ ನಿಂತೇ ಫೋನ್ ಮಾಡಿದೆ.

"ಎಲ್ಲಿದ್ದೀರಿ?"

"ಹಾರವಾಡ ದಾಟ್ತು, ಅಕ್ಕೋರೆ. ತಂಗಿ ಕಿಟಕಿ ಬದಿಗೆ ಕೂತ್ಕಂಡದೆ. ಗಾಳಿ ಚಲೋ ಬತ್ತದೆ" ಎಂದು ಅವರು ಬನ್ಸಿನ ಚೂರನ್ನು ಚಹಾದಲ್ಲಿ ಅದ್ದಿದರು.

ರಸ್ತೆ ದಾಟಿ ಅವರ ಮೇಜಿನ ಮುಂದೆ ನಿಂತೆ. ಫೋನ್ ಇನ್ನೂ ಅವರ ಕಿವಿಯಲ್ಲೇ ಇತ್ತು.

"ಶುರುವಿಗೆ ಎರಡು ವಾರ ಹೋಗಿದ್ದೆ" ಎಂದರು. "ನಾ ಹಿಂದೆ ಕೂತ್ರೆ ಅದು ಒಬ್ಳೇ ಹೋದ ಹಾಂಗಾಗ್ತದ್ಯಾ?"

"ಡ್ಯೂಟಿಯ ಕಂಡಕ್ಟರಿಗಾದರೂ ಹೇಳಿದ್ದಿರಾ?"

"ಇಲ್ಲ. ಹೇಳಿದ್ರೆ ಪಾರ್ಸಲ್ ಇಳಿಸಿದ ಹಾಂಗೆ ಇಳಿಸ್ತಿದ್ರು."

"ತುಳಸಿಕಟ್ಟೆ ಮುಟ್ಟಿದ್ದಿರಿ."

"ನಿಜ ಹೇಳಿದ್ರೆ ನೀವು ಕಳಿಸ್ತಿದ್ರಾ, ಅಕ್ಕೋರೆ?"

ಕಳಿಸುತ್ತಿರಲಿಲ್ಲ. ಆದರೆ ಅದು ತಾಯಿ ನಿರ್ಧರಿಸಬೇಕಾದ ಮಾತು. ಎರಡು ಗಂಟೆಯ ಬಸ್ಸು ಬರುವವರೆಗೆ ನಾನು ನಿಲ್ದಾಣದಲ್ಲಿ ನಿಂತೇ ಇದ್ದೆ. ಮಗಳು ಚೀಲ ಎದೆಗೆ ಅವಚಿಕೊಂಡು ಎಂದಿನಂತೆ ಇಳಿದಳು.

"ಮಾಮ ಬಸ್ಸಿಗೆ ಬರ್ತಿರಲಿಲ್ಲವಾ?"

"ಎರಡು ಗುರುವಾರ ಬಂದರು. ಕೊನೆಯ ಸೀಟಿನಲ್ಲಿ ಪೇಪರ್ ಅಡ್ಡ ಹಿಡಿದಿದ್ದರು."

"ನನಗ್ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಗುರುವಾರದ ಬಸ್ಸು ಆಗಲೇ ಗೋಡೆಯ ಪಟ್ಟಿ ಸೇರಿತ್ತು. ಅದನ್ನು ಅಳಿಸಲು ನನಗೆ ಧೈರ್ಯವಾಗಲಿಲ್ಲ. ಕಂಡಕ್ಟರ್ ಜೊತೆ ಮಾತು ಮಾತ್ರ ನಿಲ್ಲಿಸಿದೆ. ಬೆಳಿಗ್ಗೆ ಅವರು ಗೇಟಿನಾಚೆ ನಮಸ್ಕಾರ ಎಂದರೆ ಗಡಿಯಾರ ನೋಡಿಕೊಂಡು ಒಳಗೆ ಹೋಗುತ್ತಿದ್ದೆ. ಎಂಟು ತಿಂಗಳು. ಅವರನ್ನು ಕಾರವಾರದ ಆಸ್ಪತ್ರೆಗೆ ಸೇರಿಸಿದರು ಎಂದು ಕೇಳಿದಾಗಲೂ ಹೋಗಲಿಲ್ಲ. ಆರು ವಾರಕ್ಕೆ ಅವರು ತೀರಿಕೊಂಡರು.

ಮಾತಾಡಿಸಲು ಹೋದಾಗ ಅವರ ಹೆಂಡತಿ ಹೇಳಿದರು: "ನೀವು ಬರ್ಲಿಲ್ಲ ಅಂದ್ರೂ ತಂಗಿ ತಪ್ಪಿಸ್ಲಿಲ್ಲ ಅಕ್ಕೋರೆ. ಗುರುವಾರ ಕ್ಲಾಸ್ ಮುಗಿಸ್ಕಂಡಿ ಬಂದು, ಬಸ್ಸಿಗೆ ಮುಂಚೆ ಹತ್ತು ನಿಮಿಷ ಕೂತ್ಕಂಡಿ ಹೋಗ್ತಿತ್ತು."

ರೋಗಿಯನ್ನು ನೋಡಲು ಹೋಗುವುದು, ಎಷ್ಟು ಮಾತಾಡುವುದು, ಯಾವಾಗ ಏಳುವುದು, ಇದನ್ನೆಲ್ಲ ನಾನು ಇನ್ನೂ ಕಲಿಸಿರಲಿಲ್ಲ. ಹದಿನೆಂಟು ತುಂಬಲಿ ಎಂದು ಮುಂದಕ್ಕೆ ಹಾಕಿದ್ದೆ.

ಅವರ ಸುಳ್ಳನ್ನು ನಾನು ಕ್ಷಮಿಸಿಲ್ಲ. ಆ ಸುಳ್ಳಿಲ್ಲದಿದ್ದರೆ ನನ್ನ ಮಗಳು ಇಂದಿಗೂ ಜಗಲಿಯ ಕುರ್ಚಿಯಲ್ಲೇ ಕೂತಿರುತ್ತಿದ್ದಳು ಎಂಬುದೂ ಗೊತ್ತು.

ಮುಂದಿನ ಗುರುವಾರ ನಾನೂ ಬಸ್ಸು ಹತ್ತಿ ಅವಳ ಪಕ್ಕ ಕೂತೆ. ಅವಳು ಬೇಡ ಎನ್ನಲಿಲ್ಲ, ಸ್ವಲ್ಪ ಸರಿದಳು. ಅವರ್ಸಾ ದಾಟಿದ ಮೇಲೆ ಕೇಳಿದೆ:

"ಆಸ್ಪತ್ರೆಗೆ ಹೋಗು ಅಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ."

"ಅಲ್ಲಿ ಏನು ಮಾತಾಡ್ತಿದ್ದಿರಿ?"

"ಬಸ್ಸು ಎಷ್ಟು ಲೇಟು ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ."

"ನನ್ನ ಬಗ್ಗೆ ಕೇಳಿದರಾ?"

ಮಗಳು ಕಿಟಕಿಯ ಕಡೆ ತಿರುಗಿದಳು.