ಟೆನೆಸ್ಸಿಯ ಹೊಸ್ತಿಲು ಕಾಯುವ ವರ್ಲೀನ್

ಮೊದಲ ಸಲ ಆ ಕಟ್ಟಡ ನೋಡಿದಾಗ ಯಾರೋ ಸಾಹುಕಾರರ ಮನೆ ಅಂದುಕೊಂಡಿದ್ದೆ. ಬಿಳಿ ಕಂಬ, ಜಗಲಿಯಲ್ಲಿ ತೂಗುಕುರ್ಚಿ, ಬಾಗಿಲಲ್ಲಿ ನಗುಮುಖದ ಹೆಂಗಸು. "ಬಾ ಮಗಾ, ದಣಿದಿದ್ದೀಯ" ಅಂದಳು. ಪರರ ಮನೆಯಲ್ಲಿ ಶೌಚಾಲಯ ಕೇಳಲು ನಾಚಿ ಹಿಂದಿನ ಪೊದೆಗೆ ಹೋದೆ. ಜಿಪ್ ಏರಿಸುತ್ತ ತಲೆಯೆತ್ತಿದರೆ ಎದುರಿಗೇ ಫಲಕ: 'ಟೆನೆಸ್ಸಿಗೆ ಸ್ವಾಗತ. ಶೌಚಾಲಯ ಒಳಗಿದೆ.' ಮುಂದೆ ಅಲ್ಲೇ ಕಸ ಗುಡಿಸುವ ನೌಕರಿ ಸಿಕ್ಕಿತು. ಆ ಪೊದೆಯೂ ನನ್ನ ಪಾಲಿಗೇ ಬಂತು.

ಆ ಹೆಂಗಸೇ ವರ್ಲೀನ್ ಹ್ಯಾಚರ್. ರಾಜ್ಯದ ಗಡಿಯ ಆ ಸ್ವಾಗತ ಕೇಂದ್ರದಲ್ಲಿ, ಪಕ್ಕದ ಅಲಬಾಮಾ ಕಡೆಯಿಂದ ಬರುವವರಿಗೆ ನಕ್ಷೆ ಕೊಟ್ಟು ಸ್ವಾಗತ ಹೇಳುವುದು ಅವಳ ಕೆಲಸ. ಹೆದ್ದಾರಿ ಹಾಸಿದ ಕಾಲದಲ್ಲಿ ಈ ಕೇಂದ್ರ ಕಟ್ಟಿದವನು ಜಾಣ, ಶೌಚಾಲಯವನ್ನು ಕಟ್ಟಕಡೆಗೆ ಇಟ್ಟಿದ್ದ. ಎಷ್ಟೇ ಅವಸರವಿದ್ದರೂ ವರ್ಲೀನಳ ಮೇಜು ದಾಟಲೇಬೇಕು. ನಮ್ಮ ಕಡೆ ಹಿರಿಯ ಹೆಂಗಸು ಮಾತಾಡಿಸಿದಾಗ ನಿಲ್ಲದೆ ಹೋದವನು ಹೆತ್ತವಳ ಹೆಸರು ಕೆಡಿಸಿದ ಹಾಗೆ.

ಹೋದ ವರ್ಷ ಕಟ್ಟಡ ಹೊಸದಾಯಿತು. ಹೊಸ ವಿನ್ಯಾಸದಲ್ಲಿ ಶೌಚಾಲಯಕ್ಕೆ ಹೊರಗಿನಿಂದಲೇ ಬಾಗಿಲು. ಜನ ಬಂದರು, ಹಗುರಾದರು, ಹೋದರು. ವರ್ಲೀನಳ ಮೇಜಿಗೆ ನೊಣವೂ ಬರಲಿಲ್ಲ. ಆ ಹುದ್ದೆ ಬೇಕೋ ಬೇಡವೋ ನೋಡಲು ಲೋಮ್ಯಾಕ್ಸ್ ಎಂಬ ಅಧಿಕಾರಿ ಬರುತ್ತಾನೆಂದು ಸುದ್ದಿ ಬಂತು. ವರ್ಲೀನ್ ಅಂದೇ ಆ ಬಾಗಿಲಿಗೆ ನನ್ನ ಕೈಯಿಂದ ಬೀಗ ಜಡಿಸಿದಳು. ಕೀಲಿಕೈ ಯಾರೂ ಒಯ್ಯದಿರಲೆಂದು ಟ್ರ್ಯಾಕ್ಟರಿನ ಕಬ್ಬಿಣದ ಕೊಂಡಿಗೆ ಕಟ್ಟಿ ಮೇಜಿನ ಮೇಲಿಟ್ಟುಕೊಂಡಳು.

ಅಧಿಕಾರಿ ಬಂದಾಗ ಸಾಲು ಜಗಲಿಯ ತನಕ ಬೆಳೆದಿತ್ತು. ಅವನಿಗೆ ಖುಷಿಯೋ ಖುಷಿ. ವರ್ಲೀನ್ ಸಕ್ಕರೆ ಸುರಿದ ತಣ್ಣನೆ ಚಹಾ ಕೊಟ್ಟಳು. ಬೇಡ ಅನ್ನುವುದನ್ನು ಅವನ ತಾಯಿ ಕಲಿಸಿರಲಿಲ್ಲ. ಮೂರನೇ ಲೋಟಕ್ಕೆ ಕಾಲು ಹೆಣೆದು ನಿಂತ.

"ಅಮ್ಮಾವ್ರೇ, ಒಂಚೂರು ಕೀಲಿಕೈ..."

"ಕೊಡ್ತೀನಿ ಚಿನ್ನ. ಯಾವ ಲೋಮ್ಯಾಕ್ಸು? ಪುಲಾಸ್ಕಿ ಊರಿನೋರಾ?"

"ಹೌದು ಅಮ್ಮಾವ್ರೇ."

"ಅಯ್ಯೋ, ನಿಮ್ಮಜ್ಜಿ ನಂಗೊತ್ತು ಕಣಪ್ಪಾ! ಆಯಮ್ಮ ಒಂದ್ಸಲ ಪಾದ್ರಿ ಮೇಲೆ ಹಂದಿ ಬಿಟ್ಟಿದ್ಳು. ಕೂತ್ಕೋ, ಹೇಳ್ತೀನಿ."

"ನಿಂತೇ ಕೇಳ್ತೀನಿ ಅಮ್ಮಾವ್ರೇ."

ಕಥೆಯ ಹಂದಿ ಇನ್ನೂ ಚರ್ಚಿನ ಮೆಟ್ಟಿಲನ್ನೂ ಹತ್ತಿರಲಿಲ್ಲ, ಇವನ ಹಣೆಯಲ್ಲಿ ಬೆವರು.

"ಸಾರ್, ಹಿಂದುಗಡೆ ಒಂದು ಪೊದೆ ಇದೆ" ಎಂದು ಪಿಸುಗುಟ್ಟಿದೆ. "ಚೆನ್ನಾಗಿದೆ."

ಅವನು ನನ್ನತ್ತ ತಿರುಗಲೂ ಇಲ್ಲ. ಹಲ್ಲು ಕಚ್ಚಿ ಕೇಳಿಯೇಬಿಟ್ಟ: "ನಿಮ್ಮ ಕೆಲಸ ಉಳಿಸ್ಬೇಕೋ ಬೇಡ್ವೋ ಅಂತ ನಾನಿವತ್ತು ಹೇಳ್ಬೇಕು ಅಮ್ಮಾವ್ರೇ. ನಿಜ ಹೇಳಿ. ಈ ಜನ ಬರೋದು ನಿಮ್ಮ ಸ್ವಾಗತಕ್ಕಾ, ಶೌಚಾಲಯಕ್ಕಾ?"

"ಶೌಚಾಲಯಕ್ಕೇ. ಅದಕ್ಕೇ ಅಲ್ವಾ, ಕೀಲಿಕೈ ನನ್ನ ಹತ್ರ ಇರೋದು."