ಮೂಲೆ ಸೈಟಿನ ಗೇಟು

ಇಂಜಿನಿಯರಮ್ಮನ ಅಪ್ಪ ಬಸ್ ಡ್ರೈವರಾಗಿದ್ದ. ಅವಳು ಚಿಕ್ಕವಳಿದ್ದಾಗ ಒಂದು ಸಂಜೆ ಅವನ ಬಸ್ಸಿಗೆ ಸೈಕಲ್ಲಿನವನೊಬ್ಬ ಸಿಕ್ಕಿಕೊಂಡ. ಸೈಕಲ್ಲಿನವನಿಗೆ ಮಂಡಿ ತರಚಿತು, ಅಷ್ಟೇ. ಆದರೆ ಜನ ಅಪ್ಪನನ್ನು ಸೀಟಿನಿಂದ ಎಳೆದುಹಾಕಿ, ಕೂದಲು ಹಿಡಿದು, ಬಸ್ಸಿನ ಮೆಟ್ಟಿಲಿನ ಕಬ್ಬಿಣಕ್ಕೆ ಮುಖ ಕುಟ್ಟಿದರು. ಒಂದು ಕಣ್ಣು ಹೋಯಿತು. ಕಣ್ಣಿನ ಹಿಂದೆಯೇ ಕೆಲಸವೂ ಹೋಯಿತು. ಆಮೇಲೆ ಅವನು ಮನೆಯಲ್ಲಿ ಕೂತು, ಬೆಲ್ಟು ಬಿಚ್ಚಿ ಮಕ್ಕಳನ್ನು ಬಾರಿಸುವುದನ್ನೇ ಕೆಲಸ ಮಾಡಿಕೊಂಡ. ಅಣ್ಣ ತಂಗಿಯನ್ನು ಮಂಚದ ಕೆಳಗೆ ತಳ್ಳಿ ಅವಳ ಪಾಲಿನ ಏಟನ್ನೂ ತಾನೇ ತಿನ್ನುತ್ತಿದ್ದ. ಬಕ್ಕಲಿನ ಗುರುತು ಅವನ ಬೆನ್ನ ಮೇಲೆ ಇವತ್ತಿಗೂ ಇದೆ. ಬನಿಯನ್ನಿನಲ್ಲಿ ಸ್ಕೂಟರ್ ರಿಪೇರಿಗೆ ಬಗ್ಗಿದರೆ ಗಿರಾಕಿಗಳಿಗೆಲ್ಲ ಕಾಣುತ್ತದೆ.

"ರಸ್ತೆ ಮನುಷ್ಯನ್ನ ಹೊಡೆಯತ್ತೆ, ಜನ ಡ್ರೈವರನ್ನ ಹೊಡೀತಾರೆ, ಡ್ರೈವರು ಮನೆಗೆ ಬಂದು ಮಕ್ಕಳನ್ನ ಹೊಡೀತಾನೆ. ಎಲ್ಲರಿಗೂ ಕಾಣೋದು ಕೊನೇ ಏಟು. ನಂಗೆ ಮೊದಲನೇದು ಬೇಕು," ಎಂದು ತಂಗಿ ಹೇಳುತ್ತಿದ್ದಳು. ಹಟ ಹಿಡಿದು ಓದಿ ಟ್ರಾಫಿಕ್ ಇಂಜಿನಿಯರಾದಳು. ಅಣ್ಣ ಓದಲಿಲ್ಲ. ಸ್ಪಾನರ್ ಹಿಡಿದ.

ಇಂಜಿನಿಯರಮ್ಮನ ಆಫೀಸು ಚಪ್ಪಲಿ ಅಂಗಡಿಯ ಮೇಲಿನ ಒಂದು ರೂಮು. ರಸ್ತೆ ಪಕ್ಕದಲ್ಲಿ ಯಾರಾದರೂ ಅಂಗಡಿ ಸಾಲನ್ನೋ ಆಸ್ಪತ್ರೆಯನ್ನೋ ಕಟ್ಟುವುದಾದರೆ, ಅದರಿಂದ ಎಷ್ಟು ಗಾಡಿ ಹೆಚ್ಚಾಗುತ್ತವೆ, ಹತ್ತಿರದ ಜಂಕ್ಷನ್ನಿನ ಗತಿ ಏನಾಗುತ್ತದೆ, ಗೇಟು ಎಲ್ಲಿ ಬರಬೇಕು ಎಂದು ಮೊದಲೇ ಅಳೆದು ವರದಿ ಕೊಡುವುದು ಅವಳ ಕೆಲಸ. ಆ ವರದಿ ಇಲ್ಲದೆ ನಗರಸಭೆ ಪ್ಲಾನು ಮುಟ್ಟುವುದಿಲ್ಲ. ಸಂಬಳಕ್ಕೆ ಎಣಿಸುವವರನ್ನು ಇಟ್ಟುಕೊಳ್ಳುವಷ್ಟು ಅನುಕೂಲ ಇರಲಿಲ್ಲವಾದ್ದರಿಂದ ತಾನೇ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಬಲಗೈಯಲ್ಲಿ ಎಣಿಸುವ ಮೆಷಿನ್ನು. ಗಾಡಿ ತಿರುಗಿದ ಹಾಗೆಲ್ಲ ಹೆಬ್ಬೆರಳಿನಿಂದ ಟಕ್ ಎಂದು ಒತ್ತುವುದು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಕಾರಿನವನೊಬ್ಬ ಗಾಜು ಇಳಿಸಿ, "ಏನಮ್ಮಾ, ಗಂಡು ಹುಡುಕ್ತಾ ಕೂತಿದೀಯಾ?" ಎಂದ. ಎದ್ದು ಹೋಗಿ ಅವನ ವೈಪರ್ ಮುರಿದು ಕೈಗೆ ಕೊಟ್ಟು, "ಸಿಕ್ಕಿದ, ಆದರೆ ಮುರುಕಲು," ಎಂದು ಹೇಳಿ ವಾಪಸ್ಸು ಬಂದು ಕೂತಳು.

ನಾಲ್ಕು ರಸ್ತೆ ಸೇರುವ ಮೂಲೆಯ ಸೈಟನ್ನು ಸಿಮೆಂಟು ಮಾರಿ ಬೆಳೆದವನೊಬ್ಬ ಹಿಡಿದಿದ್ದ. ಸಿಮೆಂಟ್ ಸಾಹುಕಾರ ಎಂದರೆ ಎಲ್ಲರಿಗೂ ಗೊತ್ತು. ಅವನು ಕಟ್ಟಲು ಹೊರಟದ್ದು ಕೆಳಗೆ ಬೇಕರಿ, ಔಷಧಿ ಅಂಗಡಿ, ಮೊಬೈಲ್ ಅಂಗಡಿ. ಮೇಲೆ ಹಲ್ಲಿನ ಡಾಕ್ಟರು, ಜಿಮ್ಮು. ದೊಡ್ಡದೇನಲ್ಲ. ಆದರೆ ಗೇಟು ಮಾತ್ರ ದೊಡ್ಡ ರಸ್ತೆಗೇ, ಸಿಗ್ನಲ್ ದಾಟಿದ ಕೂಡಲೇ ಕಣ್ಣಿಗೆ ಹೊಡೆಯುವ ಹಾಗೆ ಬೇಕು ಎಂದು ಅವನ ಹಟ. ಗೇಟು ಇಡಲು ಇನ್ನೊಂದು ಜಾಗವೂ ಇತ್ತು. ಸೈಟಿನ ಹಿಂದಿನ ಓಣಿ. ಆದರೆ ಅಲ್ಲಿ ಗೇಟು ಬರಬೇಕೆಂದರೆ ಓಣಿ ಅಗಲವಾಗಬೇಕು. ಓಣಿ ಅಗಲವಾಗಬೇಕೆಂದರೆ ನಗರಸಭೆ ಜಾಗದಲ್ಲಿ ಗೋಡೆಗೆ ಒರಗಿಕೊಂಡಿದ್ದ ತಗಡಿನ ಶೆಡ್ಡು ಹೋಗಬೇಕು. ಅದು ಅವಳಣ್ಣನ ಗ್ಯಾರೇಜು.

ವರದಿಗೆ ಸಾಹುಕಾರ ಬಂದದ್ದು ಅವಳ ಹತ್ತಿರವೇ. ಈ ಕೆಲಸ ತನಗೆ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಬೇರೆಯವರ ಕೈಗೆ ಹೋದರೆ ಶೆಡ್ಡು ಉಳಿಯುವುದಿಲ್ಲ ಎಂಬ ಯೋಚನೆ ಅವಳಿಗೂ ಇತ್ತು.

ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಕೇಳಿದ, "ಗೇಟು ಎಲ್ಲಿ ಬರತ್ತೆ?"

"ಇನ್ನೂ ಲೆಕ್ಕ ಆಗಿಲ್ಲ ಕಣೋ."

"ಲೆಕ್ಕ ನಿನ್ನ ಕೈಲೇ ತಾನೇ ಇರೋದು? ಓಣಿಗೆ ಅಂತ ಬರೆದ್ಯೋ, ನನ್ನ ಹೊಟ್ಟೆ ಮೇಲೆ ಕಾರು ಹತ್ತಿಸಿದ ಹಾಗೆ. ನಿನ್ನ ಪಾಲಿಂದು ಯಾರು ತಿಂದಿದ್ದು? ನೆನಪಿಲ್ಲ ಅಂದರೆ ಹೇಳು, ಅಂಗಿ ಬಿಚ್ಚುತೀನಿ."

"ಊಟದ ಹೊತ್ತಲ್ಲಿ ಅಂಗಿ ಯಾಕೋ ಬಿಚ್ಚುತೀಯ, ತಿನ್ನು ಸುಮ್ನೆ," ಎಂದಳು ಅಮ್ಮ. ಇಬ್ಬರ ತಟ್ಟೆಗೂ ಅನ್ನ ಹಾಕಿದಳು. ಆ ಮನೆಯಲ್ಲಿ ಜಗಳ ಬಿಡಿಸಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ.

ಇಂಜಿನಿಯರಮ್ಮ ತಪ್ಪು ಮಾಡಿದ್ದು ಇಲ್ಲಿ. ಟ್ರಾಫಿಕ್ ಲೆಕ್ಕದ ಕೆಲಸದಲ್ಲಿ ಒಂದು ರಿಯಾಯಿತಿ ಇದೆ. ಅಂಗಡಿಗೆ ಬರುವ ಗಾಡಿಗಳಲ್ಲಿ ಒಂದು ಪಾಲು ಹೇಗೂ ಅದೇ ರಸ್ತೆಯಲ್ಲಿ ಹೋಗುತ್ತಿದ್ದಂಥವು, ಅಂಗಡಿಗೋಸ್ಕರ ಮನೆ ಬಿಟ್ಟು ಹೊರಟವಲ್ಲ. ಅವಕ್ಕೆ ದಾರಿಹೋಕ ಗಾಡಿ ಎನ್ನುತ್ತಾರೆ. ಜಂಕ್ಷನ್ನಿಗೆ ಅವು ಹೊಸ ಭಾರವಲ್ಲ, ಆದ್ದರಿಂದ ಜಂಕ್ಷನ್ನಿನ ಲೆಕ್ಕದಲ್ಲಿ ಅವನ್ನು ಕಳೆಯಬಹುದು. ಗೇಟಿನ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಯಾಕೆಂದರೆ ದಾರಿಹೋಕನಾದರೂ ಗೇಟಿಗೆ ತಿರುಗುವಾಗ ಫುಟ್‌ಪಾತನ್ನು ತುಳಿದೇ ತಿರುಗಬೇಕು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎರಡು ಕಡೆಯೂ ಕಳೆದಳು. ದೊಡ್ಡ ರಸ್ತೆಯ ಗೇಟು ಹಾಳೆಯ ಮೇಲೆ ಸಾಧುವಾಗಿ ಕಂಡಿತು. ಶೆಡ್ಡು ಉಳಿಯಿತು. ಕರಡು ವರದಿ ಸಾಹುಕಾರನ ಕೈ ಸೇರಿತು.

ಸಾಹುಕಾರ ಮಂಜೂರಾತಿಗೆ ಕಾಯುವ ಜಾತಿಯವನಲ್ಲ. ಮರುದಿನವೇ ದೊಡ್ಡ ರಸ್ತೆ ಕಡೆಯ ಕಾಂಪೌಂಡು ಒಡೆಸಿ, ಗೇಟು ಬರಬೇಕಾದ ಜಾಗದಲ್ಲಿ ಬಾಯಿ ತೆರೆಸಿ, ಇಟ್ಟಿಗೆ ತರಿಸತೊಡಗಿದ.

ಆ ವಾರವೇ ಒಂದು ಬೆಳಿಗ್ಗೆ ಇಟ್ಟಿಗೆ ಲಾರಿಯೊಂದು ಸಿಗ್ನಲ್ ದಾಟಿತು. ಹಿಂದೆ ಬಸ್ಸು ಹಾರನ್ ಒತ್ತಿ ಹಿಡಿದಿತ್ತು. ಲಾರಿ ಡ್ರೈವರಿಗೆ ಕಾಂಪೌಂಡಿನ ತೆರಪು ಕಂಡದ್ದು ಅದರ ಮುಂದೆ ಬಂದ ಮೇಲೆ. ಬ್ರೇಕ್ ಹಾಕಿದರೆ ಬಸ್ಸು ಬೆನ್ನಿಗೆ ಬರುತ್ತದೆ. ಸ್ಟೇರಿಂಗ್ ಎಳೆದ. ಫುಟ್‌ಪಾತಿನಲ್ಲಿ ಬಟ್ಟೆ ಗಂಟು ಹೊತ್ತು ಒಬ್ಬ ಟೈಲರಮ್ಮ ಬರುತ್ತಿದ್ದಳು. ಮುಂದಿನ ಚಕ್ರ ಅವಳನ್ನು ಬೀಳಿಸಿತು, ಹಿಂದಿನದು ಸೊಂಟದ ಮೇಲೆ ಹತ್ತಿ ನಿಂತಿತು. ಗಂಟು ಬಿಚ್ಚಿಕೊಂಡು ಯಾರದೋ ಮಕ್ಕಳ ಹೊಸ ಅಂಗಿಗಳು ರಕ್ತದಲ್ಲಿ ನೆನೆದವು. ಲಾರಿಯನ್ನು ಹಿಂದೆ ತೆಗೆಯುವ ಹೊತ್ತಿಗೆ ಅವಳಲ್ಲಿ ಉಸಿರಿರಲಿಲ್ಲ.

ಬೀದಿಗಿಳಿದು ಏಟು ತಿಂದವರಿಗೆ ಗುಂಪಿನ ಗುಣ ಗೊತ್ತು. ಅದಕ್ಕೆ ನ್ಯಾಯ ಬೇಕಿರುತ್ತದೆ ನಿಜ; ಆದರೆ ಕೈಗೆ ಎಟುಕುವ ನ್ಯಾಯ ಬೇಕು. ಎಟುಕಿದವನು ಡ್ರೈವರು. ಬಾಗಿಲು ಕಿತ್ತು ಎಳೆದರು. ಒಬ್ಬ ಇಟ್ಟಿಗೆಯಲ್ಲಿ ಬಾಯಿಗೆ ಹೊಡೆದ, ಹಲ್ಲು ಉದುರಿದವು. ಬಿದ್ದವನ ಪಕ್ಕೆಗೆ ಒದ್ದವರು ಎಷ್ಟೋ ಜನ. ಎಲ್ಲರಿಗಿಂತ ಮುಂದೆ, ಜಾಕಿನ ರಾಡು ಹಿಡಿದು ಮೊಣಕಾಲಿಗೆ ಬಡಿಯುತ್ತಿದ್ದವನು ಗ್ಯಾರೇಜಿನ ಅಣ್ಣ. ಟೈಲರಮ್ಮ ಅವನ ಅಂಗಿಗೂ ಗುಂಡಿ ಹಾಕಿಕೊಟ್ಟವಳು.

ಸುದ್ದಿ ಕೇಳಿ ಓಡಿಬಂದ ಇಂಜಿನಿಯರಮ್ಮ ಗುಂಪಿನೊಳಗೆ ನುಗ್ಗಿದಳು. ಸಿಕ್ಕಿದವರ ಕೈ ಕಚ್ಚಿದಳು, ಒಬ್ಬನ ಕಿವಿ ಹಿಡಿದು ಆಚೆ ಎಳೆದಳು, ಡ್ರೈವರಿನ ಮೇಲೆ ಅಡ್ಡ ಬಿದ್ದಳು. ಅಣ್ಣನ ರಾಡು ಗಾಳಿಯಲ್ಲೇ ನಿಂತಿತು.

"ಏಳೇ ಮೇಲೆ! ಕೊಲೆಗಡುಕ ಅವನು!"

"ನಮ್ಮಪ್ಪನಿಗೂ ಹೀಗೇ ಅಂದಿದ್ದರು ಕಣೋ!"

ಡ್ರೈವರು ರಕ್ತ ಉಗುಳುತ್ತಾ ಗೊಣಗಿದ, "ಅಕ್ಕಾ, ನಾನು ಬೇರೆ ಕಡೆ ಲೋಡು ತಗೊಂಡು ಹೋಗ್ತಿದ್ದೆ. ಹೇಗೂ ಇದೇ ದಾರಿ ಅಲ್ವಾ, ಹೋಗ್ತಾ ಇಲ್ಲಿ ಒಂದಷ್ಟು ಇಳಿಸಿ ಹೋಗು ಅಂದರು. ಹೇಗೂ ಇದೇ ದಾರಿ ಅಂತ ತಿರುಗಿಸಿದೆ..."

ದಾರಿಹೋಕ ಗಾಡಿ. ಅವಳು ಗೇಟಿನ ಲೆಕ್ಕದಿಂದ ತೆಗೆದುಹಾಕಿದ್ದ ಗಾಡಿ. ಅವಳ ಹಾಳೆಯ ಪ್ರಕಾರ ಈ ಲಾರಿ ಇಲ್ಲಿ ತಿರುಗಿರಲೇ ಇಲ್ಲ. ಚಕ್ರದ ಹತ್ತಿರ ಟೈಲರಮ್ಮನ ಒಂಟಿ ಚಪ್ಪಲಿ ಬಿದ್ದಿತ್ತು.

ಪೊಲೀಸರು ಬಂದು ಗುಂಪನ್ನು ಲಾಠಿಯಲ್ಲಿ ಚದುರಿಸಿದರು. ಅಣ್ಣ ಬೆವರು ಒರೆಸಿಕೊಳ್ಳುತ್ತಾ, "ಸಾಹುಕಾರನ್ನ ಬಿಡಬಾರದು. ಈ ಗೇಟು ಇಲ್ಲಿ ಬರಕೂಡದು," ಎಂದ.

"ಬರಲ್ಲ," ಎಂದಳು ತಂಗಿ. "ಓಣಿಗೆ ಬರತ್ತೆ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮುಖಕ್ಕೆ ಉಗಿದ.

ಅವಳು ಲೆಕ್ಕ ಹೊಸದಾಗಿ ಮಾಡಿದಳು. ಕರಡಿನಲ್ಲಿ ತಾನು ತಪ್ಪು ಮಾಡಿದ್ದೆ ಎಂದೂ, ಗೇಟು ಬರಲಿರುವ ಓಣಿಯಲ್ಲಿ ಅಣ್ಣನ ಶೆಡ್ಡಿದೆ ಎಂದೂ ಸೇರಿಸಿ, ನೇರ ನಗರಸಭೆಗೆ ಕೊಟ್ಟಳು. ಸಾಹುಕಾರ ಆಫೀಸಿಗೆ ಬಂದ. ಜೊತೆಗೆ ಬಂದ ಇಬ್ಬರು ಕಂಪ್ಯೂಟರನ್ನು ಕಿಟಕಿಯಿಂದ ಕೆಳಗೆ ಎಸೆದರು. ಅದು ಚಪ್ಪಲಿ ಅಂಗಡಿಯ ಬೋರ್ಡಿನ ಮೇಲೆ ಬಿದ್ದು ಒಡೆಯಿತು. ಸಾಹುಕಾರ ಅವಳ ಕತ್ತಿಗೆ ಕೈ ಹಾಕಿ ಗೋಡೆಗೆ ಒತ್ತಿದ.

"ಮೊದಲು ಒಂದು ಬರೀತೀಯ, ಆಮೇಲೆ ಇನ್ನೊಂದು ಬರೀತೀಯ. ನಿನ್ನ ನಾಲಿಗೆ ಏನು ಬಾಗಿಲ ಪರದೇನಾ?"

ಮೇಜಿನ ಮೇಲಿನ ಸ್ಟೇಪ್ಲರ್ ಅವಳ ಕೈಗೆ ಸಿಕ್ಕಿತು. ಅದರಿಂದ ಅವನ ಕಣ್ಣಿನ ಪಕ್ಕದ ಎಲುಬಿಗೆ ಬಿಟ್ಟಳು. ಅವನು ಮುಖ ಹಿಡಿದು ಕುಸಿದ. "ಮೊದಲನೇದು ತಪ್ಪಾಗಿತ್ತು," ಎಂದಳು ಕೆಮ್ಮುತ್ತಾ. "ಅದನ್ನೂ ಬರೆದಿದೀನಿ. ಹೋಗಿ ಓದಿಕೋ."

ನಗರಸಭೆಗೆ ಒಳ್ಳೆಯ ಬುದ್ಧಿಯೇನೂ ಬಂದಿರಲಿಲ್ಲ. ಒಂದು ಹೆಣ ಬಿದ್ದಿತ್ತು, ಬೀದಿ ಕುದಿಯುತ್ತಿತ್ತು, ಅಷ್ಟೇ. ಗೇಟು ಓಣಿಗೆ ಎಂದು ತೀರ್ಮಾನವಾಯಿತು. ಶೆಡ್ಡಿನ ಗೋಡೆಗೆ ನೋಟಿಸು ಅಂಟಿತು. ಗಡುವು ಮುಗಿದ ಬೆಳಿಗ್ಗೆ ಜೆಸಿಬಿ ಬಂತು. ಇಂಜಿನಿಯರಮ್ಮ ಮನೆಯಲ್ಲಿ ಕೂರಲಿಲ್ಲ. ತಾನು ಬರೆದದ್ದು ಬೀಳುವಾಗ ತಾನು ಎದುರಿಗಿರಬೇಕು ಎಂದು ಓಣಿಯ ಬಾಯಲ್ಲಿ ನಿಂತಳು. ತಗಡು ಕಿರುಚಿಕೊಂಡು ಮಡಚಿಕೊಂಡಿತು. ಟ್ಯೂಬುಗಳು, ಡಬ್ಬಿಗಳು, ಹಳೇ ಸೀಟುಗಳು ಮಣ್ಣಿಗೆ ಬಿದ್ದವು.

ಅಣ್ಣ ಅದನ್ನು ಕೊನೆಯವರೆಗೆ ನೋಡಿದ. ಆಮೇಲೆ ಅದೇ ಜಾಕಿನ ರಾಡು ಎತ್ತಿಕೊಂಡು ಅವಳತ್ತ ಬಂದ.

"ಯಾವ ಕೈಯಲ್ಲಿ ಬರೆದೆ?"

ಅವಳು ಓಡಲಿಲ್ಲ. "ಇದರಲ್ಲಿ," ಎಂದು ಬಲಗೈ ಎತ್ತಿದಳು. ಹೊಡೆಯಲಾರ ಎಂದುಕೊಂಡಿದ್ದಳೇನೋ. ಹೊಡೆದ. ಮಣಿಕಟ್ಟು ಮುರಿದ ಸದ್ದು ಜೆಸಿಬಿಯವನಿಗೂ ಕೇಳಿಸಿತಂತೆ. ಎರಡನೇ ಏಟು ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಅವಳು ತಲೆ ತಗ್ಗಿಸಿ ಅವನ ಹೊಟ್ಟೆಗೆ ಗುದ್ದಿ ಬೀಳಿಸಿದಳು. ಇಬ್ಬರೂ ಆಯಿಲ್ ಚೆಲ್ಲಿದ ಮಣ್ಣಿನಲ್ಲಿ ಉರುಳಾಡಿದರು. ಜೆಸಿಬಿಯವನು ಇಳಿದು ಬಂದು ಬಿಡಿಸಬೇಕಾಯಿತು.

ಸ್ಟೇಷನ್ನಿನಲ್ಲಿ ಕಂಪ್ಲೇಂಟು ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ ಪೆನ್ನು ನಿಲ್ಲಿಸಿದ. "ಸ್ವಂತ ಅಣ್ಣಾನಾ? ಮನೇಲೇ ಮಾತಾಡಿ ಮುಗಿಸಿಕೊಳ್ಳಿ ತಾಯಿ."

"ನಮ್ಮ ಮನೇಲಿ ಮಾತಾಡಿ ಮುಗಿಸಿದ್ದು ಇಲ್ಲ ಸಾರ್. ಸ್ವಂತ ಅಣ್ಣಾನೇ. ಬರ್ಕೊಳ್ಳಿ. ಡ್ರೈವರಿನ ಮೊಣಕಾಲು ಒಡೆದವನೂ ಇವನೇ, ಅದನ್ನೂ ಬರ್ಕೊಳ್ಳಿ."

ಅಮ್ಮ ಆಸ್ಪತ್ರೆಗೆ ಬಂದು ಮಗಳ ಪ್ಲಾಸ್ಟರ್ ಸವರಿ, "ನಿಮ್ಮಪ್ಪನ ಕೈ ಅವನಿಗೆ ಹೋಯಿತು, ಬಾಯಿ ನಿನಗೆ ಬಂತು. ನನಗೆ ಉಳಿದಿದ್ದೇನು?" ಎಂದಳು. ಊಟದ ಡಬ್ಬಿ ಎರಡು ತಂದಿದ್ದಳು. ಒಂದನ್ನು ಅಲ್ಲಿಟ್ಟು, ಇನ್ನೊಂದನ್ನು ಹಿಡಿದು ಲಾಕಪ್ಪಿಗೆ ನಡೆದಳು.

ಕಟ್ಟಡ ತೆರೆದ ಮೇಲೆ ಜಾಮೀನಿನ ಮೇಲೆ ಹೊರಗೆ ಬಂದಿದ್ದ ಅಣ್ಣ ಹೊಸ ಜಾಗ ಹುಡುಕಿಕೊಂಡ. ಎಲ್ಲಿ ಅಂದರೆ ದೊಡ್ಡ ರಸ್ತೆಯ ಫುಟ್‌ಪಾತಿನಲ್ಲೇ, ಗೇಟು ಬರಬೇಕಾಗಿದ್ದ ಜಾಗದ ಎದುರಿಗೆ. ಅಲ್ಲೀಗ ಗೋಡೆ. ಸ್ಪಾನರು, ಡಬ್ಬಿ, ಬಿಚ್ಚಿದ ಸ್ಕೂಟರು ಹರಡಿಕೊಂಡು ಕೂತ. ನಡೆಯುವವರು ಅವನನ್ನು ಸುತ್ತಿಕೊಂಡು ರಸ್ತೆಗೆ ಇಳಿಯತೊಡಗಿದರು, ಬಸ್ಸಿನ ಮೂತಿಗೆ.

ಇಂಜಿನಿಯರಮ್ಮ ಕಟ್ಟಡ ತೆರೆದ ಮೇಲಿನ ಎಣಿಕೆಗೆ ಸ್ಟೂಲು ತಂದಳು. ಬಲಗೈ ನೆಟ್ಟಗೆ ಕೂಡಿರಲಿಲ್ಲ. ಮೆಷಿನ್ನು ಎಡಗೈಗೆ ಬಂದಿತ್ತು. ಅಣ್ಣನ ಮುಂದೆ ಹೋಗಿ ನಿಂತಳು.

"ಜನಕ್ಕೆ ದಾರಿ ಬಿಡು."

ಅವನು ತಲೆ ಎತ್ತಲಿಲ್ಲ. ಕೈ ಮಾತ್ರ ರಾಡಿನ ಮೇಲೆ ಹೋಯಿತು. "ಇನ್ನೊಂದು ಕೈ ಇದೆಯಲ್ಲ ನಿಂಗೆ."

"ಇದೆ. ಬಾ."

ಅವನು ಏಳಲಿಲ್ಲ. ಅವಳು ಕಾಲೆತ್ತಿ ಡಬ್ಬಿಯನ್ನು ಒದ್ದಳು. ಸ್ಪಾನರುಗಳು, ನಟ್ಟುಗಳು ಫುಟ್‌ಪಾತಿನ ತುಂಬ ಚೆಲ್ಲಿ, ಒಂದೆರಡು ರಸ್ತೆಗೂ ಉರುಳಿದವು. ಅಣ್ಣ ಅಪ್ಪನಿಂದ ಹಿಡಿದು ಸಿಮೆಂಟ್ ಸಾಹುಕಾರನವರೆಗೆ ಎಲ್ಲರ ಹೆಸರಲ್ಲೂ ಬೈಯುತ್ತಾ, ಮಂಡಿಯೂರಿ ಒಂದೊಂದನ್ನೇ ಆರಿಸಿಕೊಂಡ. ಬಗ್ಗಿದಾಗ ಬೆನ್ನಿನ ಗೆರೆಗಳು ಕಂಡವು. ಆರಿಸಿದ್ದನ್ನೆಲ್ಲ ಈ ಸಲ ಗೋಡೆಗೆ ತಾಗಿಸಿ ಇಟ್ಟ. ಸ್ಕೂಟರನ್ನೂ ಗೋಡೆಗೇ ಒರಗಿಸಿದ.

ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಜಾಗವಾಯಿತು. ಅವಳು ಸ್ಟೂಲಿಗೆ ಹೋಗಿ ಕೂತು ಎಣಿಸತೊಡಗಿದಳು.