ಶಿವನಂಜಣ್ಣನ ಹಾವಿನ ಫಸಲು

ಎಲ್ಲರೂ ಪೆನ್ನು ಸಿಕ್ಕಿಸುವ ಜೇಬಿಗೆ ಶಿವನಂಜಣ್ಣ ಥರ್ಮಾಮೀಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಮಾತಿನ ನಡುವೆ ತೆಗೆದು ನೋಡಿ, ‘ಇಪ್ಪತ್ತಾರು’ ಎಂದು ಮತ್ತೆ ಒಳಗಿಡುವರು. ಮದುವೆಯೂಟದ ಪಂಕ್ತಿಯಲ್ಲೂ ಹೀಗೆ ಮಾಡಿದ್ದನ್ನು ಕಂಡಿದ್ದೇನೆ.

ರಾಮನಗರದ ಹತ್ತಿರ ಅವರ ಮಹಡಿ ಕೋಣೆಗೆ ನಾನು ಬಾಡಿಗೆಗೆ ಬಂದಾಗ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಪಾಸಣೆ ನನ್ನ ಕೆಲಸ. ಎಣಿಸಿ ಬರೆಯುವ ಚಟ ಮನೆಯ ಡೈರಿಗೂ ಹತ್ತಿತ್ತು. ಶಿವನಂಜಣ್ಣ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಹಳೆಯ ಸಹೋದ್ಯೋಗಿಯ ಅಳಿಯ ಬೆಂಗಳೂರಿನಲ್ಲಿ ಸಾಕಿದ್ದ ಒಂದು ಜೊತೆ ಅಮೆರಿಕದ ಹಾವು, ಕಿತ್ತಳೆ ಬಣ್ಣದವು, ವಿಷವಿಲ್ಲದವು, ಇವರ ಪಾಲಿಗೆ ಬಂದಿದ್ದವು. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ, ಈಗ ಖಾಲಿ ಬಿದ್ದ ಹುಳುಮನೆಯಲ್ಲಿಟ್ಟು ಮರಿ ಮಾಡಿಸುವ ಹಟ ಹಿಡಿದರು.

ಆದರೆ ಅದೇ ಹುಳುಮನೆ ಒಡೆದು ಕಾರ್ಖಾನೆ ಹುಡುಗರಿಗೆ ಬಾಡಿಗೆ ರೂಮು ಕಟ್ಟಿಸಲು ಅವರ ಹೆಂಡತಿ ನಿಂಗಮ್ಮ ಮೇಸ್ತ್ರಿಗೆ ಮಾತು ಕೊಟ್ಟಿದ್ದರು.

‘ಆಷಾಢ ಕಳೀತಿದ್ದಂಗೆ ಗೋಡೆ ಬೀಳ್ತದೆ. ಅಷ್ಟ್ರೊಳಗೆ ಮರಿ ಬರ್ನಿಲ್ಲಾಂದ್ರೆ ಗಂಡ ಹೆಂಡ್ತಿ ಇಬ್ರೂವೆ ಬೆಂಗ್ಳೂರಿಗೆ ವಾಪಸ್.’

‘ಯಾವ ಗಂಡ ಹೆಂಡ್ತಿ ಅಂತ ಒಸಿ ಬುಡಿಸಿ ಯೋಳು’ ಎಂದರು ಶಿವನಂಜಣ್ಣ.

ಕಾಯುವುದು ಅವರಿಗೆ ಬರುತ್ತಿರಲಿಲ್ಲ. ‘ನಾವು ಇಪ್ಪತ್ತೆಂಟು ದಿನದ ಜನ ಕಣ್ಲಾ. ಅಷ್ಟ್ರೊಳಗೆ ಹುಳ ಗೂಡು ಕಟ್ಬೇಕು, ಇಲ್ಲಾಂದ್ರೆ ತಿಪ್ಪೆಗೆ ಹಾಕ್ಬೇಕು.’ ಜೋಡಿ ಮಾಡುವ ಮುಂಚೆ ಚಳಿಗಾಲದ ಎರಡು ತಿಂಗಳು ಹಾವುಗಳಿಗೆ ಉಪವಾಸ, ಕತ್ತಲು, ಮುಟ್ಟುವಂತಿಲ್ಲ. ಮೊದಲ ಭಾನುವಾರವೇ ಅವರು ಮುಚ್ಚಳ ಎತ್ತಿದ್ದು ಹತ್ತೊಂಬತ್ತು ಸಲ. ನಾನು ಡೈರಿ ತೋರಿಸಿದೆ.

‘ಅದ್ರಲ್ಲಿ ನಾಕು ಗಾಳಿ ಆಡ್ಲಿ ಅಂತ ಎತ್ತಿದ್ದು. ಲೆಕ್ಕದಿಂದ ತೆಗಿ.’

ಯುಗಾದಿ ಕಳೆದ ಮೇಲೆ ಹಾವುಗಳನ್ನು ಜೊತೆಗೆ ಬಿಟ್ಟರು. ಮೊಟ್ಟೆ ಕೇಂದ್ರದಲ್ಲಿ ಗಂಡು ಹೆಣ್ಣು ಚಿಟ್ಟೆಗಳನ್ನು ಕೂಡಿಸಿ, ಮೂರು ಗಂಟೆಯಾದ ಮೇಲೆ ಕೈಯಿಂದ ಬಿಡಿಸುವುದು ರೂಢಿ. ಇವರು ಹಾವುಗಳಿಗೂ ಅದನ್ನೇ ಹಚ್ಚಿದರು. ಬೆಳಗ್ಗೆ ಎಂಟಕ್ಕೆ ಒಂದೇ ಪೆಟ್ಟಿಗೆಗೆ, ಹನ್ನೊಂದಕ್ಕೆ ಅಲಾರಂ, ಕೂಡಲೇ ಬೇರೆ ಬೇರೆ. ಅವು ಆ ಮೂರು ಗಂಟೆ ಒಂದೊಂದು ಮೂಲೆ ಹಿಡಿದು ಮಲಗಿರುತ್ತಿದ್ದವು. ಒಂಬತ್ತು ದಿನ, ಇಪ್ಪತ್ತೇಳು ಗಂಟೆ, ಫಲ ಸೊನ್ನೆ.

‘ಒಸಿ ಹೊತ್ತು ಹಂಗೇ ಬಿಡಬಹುದಲ್ಲ ಅಣ್ಣ?’

‘ಜಾಸ್ತಿ ಬುಟ್ರೆ ಹೆಣ್ಣು ಸೊರಗೋಯ್ತದೆ. ನಂಗೇ ಪಾಠ ಯೋಳ್ತೀಯೇನ್ಲಾ?’

ಯುಗಾದಿ ಕಳೆದು ಮೂರು ವಾರವಾಗಿತ್ತು, ಅಂದು ಹತ್ತನೆಯ ದಿನ. ಎಂಟಕ್ಕೆ ಜೋಡಿ ಬಿಟ್ಟು, ಹನ್ನೊಂದರೊಳಗೆ ಬರುತ್ತೇನೆಂದು ಅವರು ಹರಕೆ ಹೊರಲು ಕಬ್ಬಾಳಿಗೆ ಹೋದರು. ಬಸ್ಸು ಕೆಟ್ಟಿತು. ಅಲಾರಂ ಬಡಿದು ಬಡಿದು ಸುಮ್ಮನಾಯಿತು. ಅವರು ಓಡಿ ಬಂದಾಗ ಮೂರೂಕಾಲು. ಪೆಟ್ಟಿಗೆಯಲ್ಲಿ ಎರಡು ಹಾವು ಒಂದೇ ಹಗ್ಗದ ಹಾಗೆ ಹೆಣೆದುಕೊಂಡಿದ್ದವು.

‘ಕಬ್ಬಾಳಮ್ಮ ಕಣ್ಬುಟ್ಟವ್ಳೆ’ ಎಂದು ಕೈ ಮುಗಿದರು.

‘ನೀವು ಇಲ್ಲಿರ್ನಿಲ್ಲ, ಅದಕ್ಕೆ ಆಗೈತೆ’ ಎಂದರು ನಿಂಗಮ್ಮ.

ಅಂದಿನಿಂದ ಅಲಾರಂ ಗಡಿಯಾರ ನಿಂಗಮ್ಮನ ಅಡುಗೆಮನೆ ಸೇರಿತು.

ಹಾವುಗಳು ಕೂಡಿದ ನಲವತ್ತನಾಲ್ಕನೆಯ ದಿನ ಹದಿಮೂರು ಮೊಟ್ಟೆ ಬಂದವು. ಒಂಬತ್ತು ಹಳದಿ. ಯಾರೂ ಹೇಳದೆಯೇ ಅವರಿಗೆ ಗೊತ್ತಾಯಿತು. ‘ಜೊಳ್ಳು. ರೇಷ್ಮೆ ಮೊಟ್ಟೆಲೂ ಹಿಂಗೇಯ’ ಎಂದು ಒಂದೊಂದನ್ನೇ ಎತ್ತಿ ಬದಿಗಿಟ್ಟರು. ಉಳಿದ ನಾಲ್ಕರಲ್ಲಿ ಎರಡಕ್ಕೆ ಬೂಷ್ಟು ಹಿಡಿಯಿತು. ಆ ವಾರ ಅವರು ಊರಿನವರ ತಮಾಷೆಗೆ ಸಿಕ್ಕದಿರಲೆಂದು ಕಟಿಂಗ್ ಅಂಗಡಿಗೂ ಹೋಗಲಿಲ್ಲ; ಗಡ್ಡ ಬೆಳೆಯಿತು. ಈಗ ಮುಚ್ಚಳ ಎತ್ತುವುದು ದಿನಕ್ಕೆ ಒಂದೇ ಸಲ. ನಾನು ಎಣಿಸುವ ಅಗತ್ಯವೇ ಉಳಿಯಲಿಲ್ಲ.

ಶ್ರಾವಣದ ಮೊದಲ ಸೋಮವಾರ ಮೇಸ್ತ್ರಿ ಹಾರೆ ಹಿಡಿದು ಬಂದ. ಮೊಟ್ಟೆಗೆ ಐವತ್ತಾರನೆಯ ದಿನ. ಶಿವನಂಜಣ್ಣ ಹುಳುಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದರು.

‘ಹಾರೆ ಕೆಳಗಿಡಪ್ಪ. ಸದ್ದು ಮಾಡ್ಬ್ಯಾಡ. ದಿನ ತುಂಬೈತೆ.’

‘ಯಾರ್ಗಮ್ಮ?’

‘ನಮ್ಮನೇವ್ರ್ಗೆ. ಹಬ್ಬ ಮುಗಿಸ್ಕಂಡ್ ಬಾ.’

ಮೇಸ್ತ್ರಿ ಶಿವನಂಜಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದ.

ಅರವತ್ತಮೂರನೆಯ ದಿನ ಒಂದು ಮೊಟ್ಟೆ ಸೀಳಿತು. ಇನ್ನೊಂದು ಸೀಳಲೇ ಇಲ್ಲ. ಪೆನ್ಸಿಲ್ಲಿನಷ್ಟು ಮರಿ. ಪೊರೆ ಬಿಟ್ಟ ಮೇಲೂ ಊಟ ಮುಟ್ಟಲಿಲ್ಲ. ‘ಮರಿ ಆಗೋದಲ್ಲ ಕಣ್ಲಾ, ತಿಂದ್ರೇ ಬದುಕ್ತು ಅನ್ನೋದು.’ ಎಳೆ ಇಲಿಮರಿ ಇಟ್ಟದ್ದು ಐದು ಸಲ. ಐದೂ ಹಾಗೇ ಉಳಿದವು.

ಅಷ್ಟರಲ್ಲಿ ನನಗೆ ಹಾರೋಹಳ್ಳಿ ಕಡೆ ಬೇರೆ ಕೆಲಸ ಸಿಕ್ಕಿತು. ಸಾಮಾನು ಟೆಂಪೋಗೆ ಏರಿಸಿ ಹೇಳಿ ಹೋಗಲು ಹುಳುಮನೆಗೆ ಹೋದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ. ತಿರುಗದೆಯೇ ಅಂಗೈ ಎತ್ತಿದರು.

‘ಮಾತಾಡ್ಬ್ಯಾಡ. ಬಾಯಿ ಹಾಕೈತೆ.’

ಪಕ್ಕದಲ್ಲಿ ನಿಂತೆ. ಹೊರಗೆ ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ನಿಂಗಮ್ಮ ಹೋಗಿ ಬೈದು ಬಂದರು, ಬಂದವರು ನಮ್ಮ ಹಿಂದೆಯೇ ನಿಂತರು. ಇಲಿಮರಿಯ ಬಾಲ ಒಳಗೆ ಹೋಗುವವರೆಗೆ ಮೂವರೂ ಉಸಿರು ಬಿಡಲಿಲ್ಲ.

‘ಎಷ್ಟೊತ್ತು ಹಿಡೀತ್ಲಾ?’ ಎಂದು ಕೇಳಿದರು ಶಿವನಂಜಣ್ಣ.

ಗಡಿಯಾರ ನೋಡಲು ನಾನು ಮರೆತಿದ್ದೆ.

‘ನಾನೂ ನೋಡ್ನಿಲ್ಲ ಬುಡು’ ಎಂದರು.